ಹಳೆಯ ಕ್ಷೌರದ ಕತ್ತಿ: ಕೊಳ್ಳುವ ಬಗೆ, ಮಸೆಯುವ ಬಗೆ, ಚರ್ಮವನ್ನು ಕಾಯುವ ಬಗೆ

ಮುಖಕ್ಷೌರವು ಗಂಡಸರ ದಿನಚರಿಯಲ್ಲಿ ಅತಿ ಸಾಮಾನ್ಯವಾದ ಕಾರ್ಯ. ಸಾಮಾನ್ಯವೆನಿಸಿರುವುದರಿಂದಲೇ ಅದನ್ನು ಆರೋಗ್ಯದ ದೃಷ್ಟಿಯಿಂದ ವಿವೇಚಿಸುವವರು ವಿರಳ. ಹರಿತವಾದ ಲೋಹವೊಂದು ನಿತ್ಯವೂ ನಮ್ಮ ಚರ್ಮದ ಮೇಲೆ ಹಾದುಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳನ್ನು ಮಾಡುತ್ತದೆ. ಆ ಗಾಯಗಳ ಮೂಲಕ ಒಳಹೋಗಬಹುದಾದ ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆ. ಇಷ್ಟನ್ನು ನೆನಪಿಟ್ಟುಕೊಂಡರೆ ಕ್ಷೌರದ ಉಪಕರಣದ ಆಯ್ಕೆಯೂ ಅದರ ಪಾಲನೆಯೂ ಆರೋಗ್ಯದ ವಿಷಯವೇ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಹಳೆಯ ಕಾಲದ ಮಡಚುವ ಕ್ಷೌರದ ಕತ್ತಿಗಳ ಕಡೆಗೆ ಹಲವರ ಒಲವು ಮರಳಿದೆ. ಬಳಸಿ ಎಸೆಯುವ ಪ್ಲಾಸ್ಟಿಕ್ ರೇಜರುಗಳ ರಾಶಿಯನ್ನು ಕಂಡು ಬೇಸತ್ತವರು ಕೆಲವರು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಕತ್ತಿಯನ್ನು ಮತ್ತೆ ಬಳಕೆಗೆ ತರಬೇಕೆನ್ನುವವರು ಕೆಲವರು. ಒಂದೇ ಕತ್ತಿಯನ್ನು ಜೀವಮಾನವಿಡೀ ಬಳಸುವ ಮಿತವ್ಯಯವನ್ನು ಮೆಚ್ಚಿದವರು ಮತ್ತೆ ಕೆಲವರು. ಹಳೆಯ ಕತ್ತಿಗಳನ್ನು ತುಕ್ಕು ತೆಗೆದು, ಹೊಳಪು ಕೊಟ್ಟು, ಹೊಸ ಹಿಡಿ ಹಾಕಿ ಮಾರುವ ವ್ಯಾಪಾರವೂ ಬೆಳೆದಿದೆ. ಇಂತಹ ಕತ್ತಿಯನ್ನು ಕೊಳ್ಳುವಾಗ ಏನನ್ನು ನೋಡಬೇಕು, ಹೇಗೆ ಶುದ್ಧಿಗೊಳಿಸಬೇಕು, ಹೇಗೆ ಮಸೆಯಬೇಕು, ಯಾರು ಇದರಿಂದ ದೂರವಿರಬೇಕು ಎಂಬುದನ್ನು ನಾವು ಈ ಲೇಖನದಲ್ಲಿ ಕ್ರಮವಾಗಿ ತಿಳಿಸಬಯಸುತ್ತೇವೆ.

ಕತ್ತಿ ಬಂದ ದಾರಿ

ಇಂದು ಮಾರುಕಟ್ಟೆಯಲ್ಲಿ ದೊರೆಯುವ ಹಳೆಯ ಕತ್ತಿಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ನಗರಗಳವು. ಫ್ರಾನ್ಸಿನ ತಿಯೇರ್, ಸ್ವೀಡನ್ನಿನ ಎಸ್ಕಿಲ್ಸ್ಟೂನಾ ಮತ್ತು ಅಮೆರಿಕದ ಕೆಲವು ಊರುಗಳ ಕತ್ತಿಗಳೂ ಹೆಸರಾದವೇ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬಾತ ಶೆಫೀಲ್ಡಿನ ಬಳಿ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಏಕರೂಪದ ಉಕ್ಕನ್ನು ಪಡೆಯುವ ವಿಧಾನವನ್ನು ರೂಪಿಸಿದ. ಅಲ್ಲಿಂದ ಮುಂದೆ ಆ ನಗರವು ಕತ್ತಿ-ಚಾಕುಗಳಿಗೆ ಜಗತ್ಪ್ರಸಿದ್ಧವಾಯಿತು.

ಈ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. ದಕ್ಷಿಣ ಭಾರತದಲ್ಲಿ, ಮೈಸೂರು ಸೀಮೆಯೂ ಸೇರಿದಂತೆ, ಮಣ್ಣಿನ ಮೂಸೆಗಳಲ್ಲಿ ಶತಮಾನಗಳಿಂದಲೂ ಉತ್ತಮ ಉಕ್ಕು ತಯಾರಾಗುತ್ತಿತ್ತು. ಯೂರೋಪಿನವರು ಅದನ್ನು ‘ವೂಟ್ಸ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಹುಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕಿನ ಗುಣವನ್ನು ಕುರಿತು ಪ್ರಬಂಧ ಮಂಡಿಸಿದರು. ಲಂಡನ್ನಿನ ಶಸ್ತ್ರೋಪಕರಣ ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ಬಹಳ ಮೆಚ್ಚಿದ್ದರು. ಅವರೂ ವಿಜ್ಞಾನಿ ಮೈಕೆಲ್ ಫ್ಯಾರಡೆಯೂ ಕೂಡಿ ಉಕ್ಕಿನ ಮಿಶ್ರಲೋಹಗಳ ಮೇಲೆ ನಡೆಸಿದ ಪ್ರಯೋಗಗಳು 1820ರಲ್ಲಿ ಪ್ರಕಟವಾದವು. ಉತ್ತಮವಾದ ಕ್ಷೌರದ ಕತ್ತಿ ಹಾಗೂ ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ತಕ್ಕ ಉಕ್ಕನ್ನು ಅರಸುವುದು ಆ ಪ್ರಯೋಗಗಳ ಉದ್ದೇಶಗಳಲ್ಲಿ ಒಂದಾಗಿತ್ತು.

1904ರಲ್ಲಿ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ತನ್ನ ಬ್ಲೇಡ್ ರೇಜರಿಗೆ ಪೇಟೆಂಟ್ ಪಡೆದ ಮೇಲೆ ಮನೆಮನೆಯ ಕತ್ತಿಗಳು ಮೂಲೆ ಸೇರತೊಡಗಿದವು. ಹಾಗೆ ಮೂಲೆ ಸೇರಿದ ಕತ್ತಿಗಳೇ ಈಗ ಮತ್ತೆ ಹೊರಬರುತ್ತಿವೆ.

ಕತ್ತಿಯ ಅಂಗಗಳು

ಕೊಳ್ಳುವ ಮುನ್ನ ಕತ್ತಿಯ ರಚನೆಯನ್ನು ಅರಿಯಬೇಕು. ಮೇಲಿನ ದಪ್ಪ ಭಾಗ ಬೆನ್ನು. ಕೆಳಗಿನ ಹರಿತವಾದ ಅಂಚು ಬಾಯಿ. ಹಿಡಿಯ ಕಡೆಗಿರುವ ಬಾಯಿಯ ಕೊನೆ ಹಿಮ್ಮಡಿ. ಇನ್ನೊಂದು ಕೊನೆ ಮೂತಿ. ಅಲಗು ಒಂದು ಕೀಲಿನ ಮೇಲೆ ತಿರುಗಿ ಎರಡು ಹೋಳುಗಳ ಹಿಡಿಯೊಳಗೆ ಮಡಚಿಕೊಳ್ಳುತ್ತದೆ. ಅಲಗಿನ ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಹೇಳುವುದು ವಾಡಿಕೆ. 5/8 ಮತ್ತು 6/8 ಅಳತೆಯವು ಹೊಸಬರಿಗೆ ಅನುಕೂಲ. ತೀರ ಅಗಲವಾದುದು ಮೂಗಿನ ಕೆಳಗೆ ತಿರುಗದು. ತೀರ ಕಿರಿದಾದುದು ನೊರೆಯನ್ನು ಹಿಡಿಯದು.

ಶೆಫೀಲ್ಡಿನ ಹಳೆಯ ಕತ್ತಿಗಳು ಬಹುಮಟ್ಟಿಗೆ ಬೆಣೆಯಂತೆ ದಪ್ಪ. ಸೋಲಿಂಗೆನ್ನಿನ ನಂತರದ ಕತ್ತಿಗಳು ಎರಡೂ ಬದಿಗೆ ಒಳಬಾಗಿ ಅರೆಯಲ್ಪಟ್ಟು ತೆಳುವಾಗಿರುತ್ತವೆ. ದಪ್ಪನೆಯದು ಗಟ್ಟಿ ಗಡ್ಡಕ್ಕೆ ಒಗ್ಗುತ್ತದೆ, ಆದರೆ ಮಸೆಯಲು ಶ್ರಮ ಹೆಚ್ಚು. ಒಳಬಾಗಿದ ಅಲಗು ಬೇಗ ಹರಿತವಾಗುತ್ತದೆ, ಆದರೆ ನಾಜೂಕು.

ಈ ಕತ್ತಿಯಲ್ಲಿ ಒಂದು ಜಾಣ್ಮೆ ಅಡಗಿದೆ. ಮಸೆಯುವಾಗ ಬೆನ್ನು ಮತ್ತು ಬಾಯಿ ಎರಡೂ ಏಕಕಾಲಕ್ಕೆ ಕಲ್ಲನ್ನು ಮುಟ್ಟುತ್ತವೆ. ಆದುದರಿಂದ ಹರಿತದ ಕೋನವನ್ನು ಕತ್ತಿಯೇ ನಿಶ್ಚಯಿಸುತ್ತದೆ. ಕೈಯ ಅಂದಾಜಿಗೆ ಬಿಡುವುದಿಲ್ಲ. ಅಲಗಿನ ಅಗಲ 19 ಮಿಲಿಮೀಟರ್, ಬೆನ್ನಿನ ದಪ್ಪ 5.5 ಮಿಲಿಮೀಟರ್ ಇದ್ದರೆ ಬಾಯಿಯ ಕೋನವು ಸುಮಾರು 16ರಿಂದ 17 ಡಿಗ್ರಿಯಾಗುತ್ತದೆ. ಇದು ಕ್ಷೌರಕ್ಕೆ ಹಿತವಾದ ಕೋನ. ಬೆನ್ನು ಸವೆದಂತೆಲ್ಲ ಕೋನ ಕಿರಿದಾಗಿ ಬಾಯಿ ದುರ್ಬಲವಾಗುತ್ತದೆ. ಹಳೆಯ ಕತ್ತಿಯ ಬೆನ್ನನ್ನು ಮೊದಲು ಪರೀಕ್ಷಿಸಬೇಕೆಂದು ನಾವು ಹೇಳುವುದು ಈ ಕಾರಣದಿಂದಲೇ.

ಕೊಳ್ಳುವಾಗ ನೋಡಬೇಕಾದುವು

ಹೊಳಪಿಗೆ ಮರುಳಾಗಬಾರದು. ಕನ್ನಡಿಯಂತೆ ಹೊಳೆಯುವ ಕತ್ತಿ ಯಂತ್ರದ ಚಕ್ರದ ಮೇಲೆ ಅತಿಯಾಗಿ ಉಜ್ಜಲ್ಪಟ್ಟಿರಬಹುದು. ಕ್ಷೌರದ ಕತ್ತಿಯ ಉಕ್ಕನ್ನು ಕೆಂಪಗೆ ಕಾಯಿಸಿ ತಣಿಸಿ ಗಡುಸುಗೊಳಿಸಿದ ಬಳಿಕ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದಗೊಳಿಸಿರುತ್ತಾರೆ. ಉಜ್ಜುವ ಚಕ್ರದ ಬಿಸಿ ಇದನ್ನು ಬಹಳವಾಗಿ ಮೀರಿದರೆ ಹದ ಕೆಟ್ಟು ಉಕ್ಕು ಮೆತ್ತಗಾಗುತ್ತದೆ. ಬಾಯಿಯ ಬಳಿ ನೀಲಿ ಛಾಯೆ ಕಂಡರೆ ಬಿಸಿ 300 ಡಿಗ್ರಿಯ ಸಮೀಪಕ್ಕೆ ಹೋಗಿತ್ತೆಂದು ತಿಳಿಯಬೇಕು. ಅಂತಹ ಕತ್ತಿಯನ್ನು ಎಷ್ಟು ಮಸೆದರೂ ಹರಿತ ನಿಲ್ಲದು. ಹದ ಕೆಟ್ಟ ಜಾಗವನ್ನು ಮತ್ತೊಮ್ಮೆ ಉಜ್ಜಿ ನೀಲಿಯನ್ನು ಅಳಿಸಿಬಿಡುವುದೂ ಉಂಟು. ಆದುದರಿಂದ ದುರಸ್ತಿಗೆ ಮುಂಚಿನ ಚಿತ್ರಗಳನ್ನು ತೋರಿಸುವ, ಮಾಡಿದ ಕೆಲಸವನ್ನು ವಿವರಿಸುವ ಮಾರಾಟಗಾರನೇ ಲೇಸು.

ಎರಡನೆಯದು ಬಿರುಕು. ಬಾಯಿಯಿಂದ ಮೇಲಕ್ಕೆ ಕೂದಲೆಳೆಯಷ್ಟು ಸಣ್ಣ ಬಿರುಕಿದ್ದರೂ ಆ ಕತ್ತಿ ಕ್ಷೌರಕ್ಕೆ ಅಯೋಗ್ಯ. ಅದು ಮುಖದ ಮೇಲೆಯೇ ಮುರಿಯಬಹುದು. ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬೀಳಿಸಿ, ಎರಡೂ ಬದಿಗಳನ್ನು ನೋಡಬೇಕು. ಬಾಯಿಯಲ್ಲಿ ಸಣ್ಣ ಹಲ್ಲು ಬಿದ್ದಿದ್ದರೆ ಮಸೆದು ಸರಿಪಡಿಸಬಹುದು, ಬಿರುಕನ್ನು ಸರಿಪಡಿಸಲಾಗದು.

ಮೂರನೆಯದು ತುಕ್ಕಿನ ಗುಳಿ. ಮೇಲ್ಮೈಯ ಕಂದು ತುಕ್ಕು ಹೋಗುತ್ತದೆ. ಆಳವಾದ ಕಪ್ಪು ಗುಳಿಗಳು ಬಾಯಿಯ ಅಂಚಿನಲ್ಲಿದ್ದರೆ ಮಸೆದಷ್ಟೂ ಹೊಸ ಹಲ್ಲುಗಳು ಹುಟ್ಟುತ್ತವೆ. ಬೆನ್ನಿನ ಬಳಿಯ ಗುಳಿಗಳಿಂದ ಅಂದ ಕೆಡುವುದೇ ಹೊರತು ಕ್ಷೌರಕ್ಕೆ ಬಾಧಕವಿಲ್ಲ.

ನಾಲ್ಕನೆಯದು ಸವೆತ. ಬೆನ್ನಿನ ಮೇಲೆ ಅಗಲವಾದ ಚಪ್ಪಟೆ ಪಟ್ಟಿ ಇದ್ದರೆ, ಅಥವಾ ಆ ಪಟ್ಟಿ ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದಾಗಿದ್ದರೆ, ಹಿಂದಿನವರು ಒರಟಾಗಿ ಮಸೆದಿದ್ದಾರೆಂದು ಅರ್ಥ. ಬಾಯಿಯ ರೇಖೆ ನೇರವಾಗಿರಬೇಕು, ಇಲ್ಲವೆ ಹೊರಗೆ ನಸುಬಾಗಿರಬೇಕು. ನಡುವೆ ಒಳಗೆ ತಗ್ಗಿದ್ದರೆ ಚಪ್ಪಟೆ ಕಲ್ಲನ್ನು ಅದು ಸರಿಯಾಗಿ ಮುಟ್ಟದು.

ಐದನೆಯದು ಹಿಡಿ. ಹಳೆಯ ಹಿಡಿಗಳಲ್ಲಿ ಕೊಂಬು, ಮೂಳೆ, ಮರ, ಬೇಕಲೈಟ್, ಸೆಲ್ಯುಲಾಯ್ಡ್ ಮತ್ತು ದಂತ ಇರುತ್ತವೆ. ಸೆಲ್ಯುಲಾಯ್ಡ್ ತಯಾರಿಕೆಯಲ್ಲಿ ಕರ್ಪೂರ ಸೇರಿರುವುದರಿಂದ ಅದನ್ನು ಬಟ್ಟೆಯಿಂದ ಉಜ್ಜಿದಾಗ ಕರ್ಪೂರದ ವಾಸನೆ ಬರುವುದುಂಟು. ಅದು ಬೇಗನೆ ಹೊತ್ತಿಕೊಳ್ಳುವ ವಸ್ತು. ಕಾಲಾನಂತರದಲ್ಲಿ ಶಿಥಿಲವಾಗಿ ಆಮ್ಲೀಯ ಅನಿಲವನ್ನು ಹೊರಬಿಡುತ್ತದೆ. ಆ ಅನಿಲದಿಂದ ಮಡಚಿಟ್ಟ ಅಲಗು ತುಕ್ಕು ಹಿಡಿಯುತ್ತದೆ. ಬಿರುಕು ಬಿಟ್ಟು ಅಂಟಂಟಾದ ಸೆಲ್ಯುಲಾಯ್ಡ್ ಹಿಡಿಯನ್ನು ಬದಲಿಸುವುದೇ ಸರಿ. ದಂತದ ಹಿಡಿಯ ಗೋಜಿಗೆ ಹೋಗಲೇಬಾರದು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ ಆನೆದಂತದ ವ್ಯಾಪಾರ ನಿಷಿದ್ಧ. 1991ರ ತಿದ್ದುಪಡಿಯಿಂದ ಆಫ್ರಿಕದ ದಂತಕ್ಕೂ ಆ ನಿಷೇಧ ಅನ್ವಯಿಸಿತು. ವಿದೇಶದಲ್ಲಿರುವ ಬಂಧುಗಳ ಮೂಲಕ ಹಳೆಯ ಕತ್ತಿ ತರಿಸುವವರು ಇದನ್ನು ನೆನಪಿಡಬೇಕು.

ಕತ್ತಿಯ ವಯಸ್ಸನ್ನು ತಿಳಿಯಲು ಅಲಗಿನ ಬುಡದಲ್ಲಿನ ಮುದ್ರೆ ನೆರವಾಗುತ್ತದೆ. 1890ರ ಅಮೆರಿಕದ ಸುಂಕದ ಕಾಯಿದೆಯು ಆಮದು ಸರಕುಗಳ ಮೇಲೆ ದೇಶದ ಹೆಸರಿರಬೇಕೆಂದು ವಿಧಿಸಿತು. ಆದುದರಿಂದ ದೇಶದ ಹೆಸರುಳ್ಳ ಕತ್ತಿಗಳಲ್ಲಿ ಹೆಚ್ಚಿನವು ಅದಕ್ಕೂ ಈಚಿನವು. ಸೋಲಿಂಗೆನ್ ಎಂಬ ಹೆಸರಿಗೆ 1938ರಿಂದ ಜರ್ಮನಿಯಲ್ಲಿ ಕಾನೂನಿನ ರಕ್ಷಣೆಯಿದೆ. ಆದರೆ ಮುದ್ರೆ ನೋಡಿ ಬೆಲೆ ಕಟ್ಟುವುದು ಸಂಗ್ರಾಹಕರ ಕೆಲಸ. ಬಳಸುವವರಿಗೆ ಮುಖ್ಯವಾದುದು ಬಾಯಿ ಮತ್ತು ಬೆನ್ನಿನ ಸ್ಥಿತಿ.

ದುರಸ್ತಿಯ ಧೂಳು

ಕೆಲವರು ತಾವೇ ಮನೆಯಲ್ಲಿ ತುಕ್ಕು ತೆಗೆಯಲು ಹೊರಡುತ್ತಾರೆ. ಅವರಿಗೆ ಶೆಫೀಲ್ಡಿನ ಇತಿಹಾಸವೇ ಎಚ್ಚರಿಕೆ. 19ನೆಯ ಶತಮಾನದಲ್ಲಿ ಅಲ್ಲಿ ಮರಳುಗಲ್ಲಿನ ಚಕ್ರಗಳ ಮೇಲೆ, ಅದರಲ್ಲಿಯೂ ನೀರಿಲ್ಲದೆ ಒಣಗಿ, ಕತ್ತಿ-ಫೋರ್ಕುಗಳನ್ನು ಅರೆಯುತ್ತಿದ್ದ ಕಾರ್ಮಿಕರು ಕಲ್ಲಿನ ಮತ್ತು ಲೋಹದ ಧೂಳನ್ನು ಉಸಿರಾಡಿ ಚಿಕ್ಕ ವಯಸ್ಸಿನಲ್ಲಿಯೇ ಸಾಯುತ್ತಿದ್ದರು. ಆ ರೋಗಕ್ಕೆ ‘ಅರೆಯುವವರ ಉಬ್ಬಸ’ ಎಂದೇ ಹೆಸರಾಗಿತ್ತು. ಅಲ್ಲಿನ ವೈದ್ಯ ಆರ್ನಾಲ್ಡ್ ನೈಟ್ 1830ರಲ್ಲಿಯೇ ಅದನ್ನು ಕುರಿತು ಬರೆದರು. ಇಂದು ನಾವು ಅದನ್ನು ಸಿಲಿಕೋಸಿಸ್ ಎನ್ನುತ್ತೇವೆ. ನಾವು ಇಂದು ಕೈಯಲ್ಲಿ ಹಿಡಿದು ಮೆಚ್ಚುವ ಕತ್ತಿಯ ಹಿಂದೆ ಅಂತಹ ದುಡಿಮೆಗಾರರ ಉಸಿರು ಸವೆದಿದೆ ಎಂಬುದನ್ನು ಮರೆಯಲಾಗದು.

ಮನೆಯಲ್ಲಿ ತುಕ್ಕು ತೆಗೆಯುವವರು ನೀರಿನಲ್ಲಿ ನೆನೆಸಿದ ಮರಳು ಕಾಗದವನ್ನೇ ಬಳಸಬೇಕು. ಹಸಿಯಾಗಿ ಉಜ್ಜಿದರೆ ಧೂಳು ಏಳದು. ಕೊಂಬು, ಮೂಳೆಗಳ ಹಿಡಿಯನ್ನು ಉಜ್ಜುವಾಗ ಮೂಗು-ಬಾಯಿಗೆ ಧೂಳು ತಡೆಯುವ ಮಾಸ್ಕ್ ಅಗತ್ಯ. ಕತ್ತಿಯ ಬಾಯಿಗೆ ಟೇಪು ಸುತ್ತಿ, ಹಲಗೆಯ ಮೇಲೆ ಅದನ್ನು ಭದ್ರವಾಗಿ ಇಟ್ಟು, ಬೆನ್ನಿನಿಂದ ಹೊರಮುಖವಾಗಿ ಉಜ್ಜಬೇಕು. ಯಂತ್ರದ ಚಕ್ರದ ಬಳಿಗೆ ತೆರೆದ ಕತ್ತಿಯನ್ನು ಒಯ್ಯುವುದು ಅಪಾಯಕರ. ಚಕ್ರವು ಅದನ್ನು ಕಸಿದು ಎಸೆಯಬಲ್ಲದು.

ಶುದ್ಧೀಕರಣ

ಹಳೆಯ ಕತ್ತಿಯನ್ನು ಹಿಂದೆ ಯಾರು ಬಳಸಿದ್ದರೋ, ಅವರ ರಕ್ತ ಅದಕ್ಕೆ ತಗಲಿತ್ತೋ ನಮಗೆ ತಿಳಿಯದು. ಹೆಪಟೈಟಿಸ್-ಬಿ ವೈರಾಣು ದೇಹದ ಹೊರಗೆ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನಗಳವರೆಗೆ ಸೋಂಕು ತಗಲಿಸುವ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದು. ಹೆಪಟೈಟಿಸ್-ಸಿ ವೈರಾಣುವೂ ಕೆಲವು ವಾರಗಳ ಕಾಲ ಹೊರಗೆ ಉಳಿಯಬಲ್ಲದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಐವತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಕತ್ತಿಯಿಂದ ಈ ವೈರಾಣುಗಳ ಭಯವಿಲ್ಲ. ಆದರೆ ಮಾರುವ ಮುನ್ನ ಹರಿತವನ್ನು ಪರೀಕ್ಷಿಸಲೆಂದು ದುರಸ್ತಿ ಮಾಡಿದವನು ಅದರಿಂದ ಕ್ಷೌರ ಮಾಡಿಕೊಂಡಿರಬಹುದು. ‘ಕ್ಷೌರ ಮಾಡಿ ನೋಡಿದ್ದೇವೆ’ ಎಂಬ ಮಾರಾಟಗಾರನ ಭರವಸೆಯನ್ನು ಆರೋಗ್ಯದ ದೃಷ್ಟಿಯಿಂದ ಎಚ್ಚರಿಕೆಯೆಂದೇ ಓದಬೇಕು.

ಶುದ್ಧೀಕರಣದ ಮೊದಲ ಹೆಜ್ಜೆ ತೊಳೆಯುವುದು. ಒಣಗಿದ ರಕ್ತ, ಎಣ್ಣೆ, ಜಿಡ್ಡುಗಳು ರೋಗಾಣುಗಳಿಗೆ ಹೊದಿಕೆಯಾಗಿರುವುದರಿಂದ ಅವು ಇರುವವರೆಗೆ ಯಾವ ಔಷಧವೂ ಒಳಗೆ ತಲುಪದು. ಸಾಬೂನು ಮತ್ತು ಬಿಸಿನೀರಿನಲ್ಲಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಕೀಲಿನ ಸಂದು ಮತ್ತು ಹಿಡಿಯ ಒಳಭಾಗವನ್ನೂ ಬಿಡದೆ ತೊಳೆಯಬೇಕು. ಬ್ರಷ್ಷನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಬೇಕು. ಚೆನ್ನಾಗಿ ಒಣಗಿದ ನಂತರ ಶೇಕಡಾ 70ರ ಆಲ್ಕೋಹಾಲಿನಲ್ಲಿ ಅಲಗು ಹತ್ತು ನಿಮಿಷ ತೊಯ್ದಿರುವಂತೆ ನೋಡಿಕೊಳ್ಳಬೇಕು. ಆಲ್ಕೋಹಾಲು ಉರಿಯುವ ದ್ರವ. ಒಲೆ, ದೀಪಗಳಿಂದ ದೂರವಿರಬೇಕು. ಸೆಲ್ಯುಲಾಯ್ಡ್ ಹಿಡಿಗೆ ಅದು ತಾಗಬಾರದು. ಬಟ್ಟೆ ಬಿಳುಪಿಸುವ ಬ್ಲೀಚಿನ ದ್ರಾವಣ ಉಕ್ಕನ್ನು ಕೊರೆಯುವುದರಿಂದ ಈ ಕತ್ತಿಗೆ ತಕ್ಕುದಲ್ಲ. ಕುದಿಯುವ ನೀರಿನಿಂದ ಉಕ್ಕಿನ ಹದ ಕೆಡದು, ಆದರೆ ಹಿಡಿ ಹಾಳಾಗುತ್ತದೆ.

ತುಕ್ಕಿನಿಂದಲೇ ಧನುರ್ವಾಯು ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಧನುರ್ವಾಯುವಿಗೆ ಕಾರಣವಾದುದು ಮಣ್ಣು, ಧೂಳು, ಸಗಣಿಗಳಲ್ಲಿರುವ ಒಂದು ಬ್ಯಾಕ್ಟೀರಿಯದ ಬೀಜಕಣ. ತುಕ್ಕು ಹಿಡಿದ ವಸ್ತುವಿನ ಗುಳಿಗಳಲ್ಲಿ ಇಂತಹ ಧೂಳು ಸೇರಿಕೊಂಡಿರುವುದು ಸಾಧ್ಯ. ಆಲ್ಕೋಹಾಲಿಗೆ ಬೀಜಕಣಗಳು ಸಾಯುವುದಿಲ್ಲ. ಆದುದರಿಂದ ಗುಳಿಗಳನ್ನು ಸ್ವಚ್ಛಗೊಳಿಸುವುದರ ಜೊತೆಗೆ ಧನುರ್ವಾಯು ನಿರೋಧಕ ಚುಚ್ಚುಮದ್ದನ್ನು ಹತ್ತು ವರ್ಷಕ್ಕೊಮ್ಮೆ ಪಡೆದಿರುವುದು ಲೇಸು. ಹೆಪಟೈಟಿಸ್-ಬಿಗೂ ಲಸಿಕೆಯಿದೆ, ವಯಸ್ಕರಿಗೆ ಸಾಮಾನ್ಯವಾಗಿ ಆರು ತಿಂಗಳ ಅವಧಿಯಲ್ಲಿ ಮೂರು ಸಲ ಕೊಡುತ್ತಾರೆ. ಹೆಪಟೈಟಿಸ್-ಸಿಗೆ ಲಸಿಕೆಯಿಲ್ಲ. ಎಚ್ಚರವೇ ಅದಕ್ಕೆ ರಕ್ಷೆ.

ಮಸೆಯುವ ಕ್ರಮ

ಮೊಂಡು ಕತ್ತಿಗಿಂತ ಹರಿತವಾದ ಕತ್ತಿಯೇ ಚರ್ಮಕ್ಕೆ ಸುರಕ್ಷಿತ. ಮೊಂಡು ಕತ್ತಿ ಕೂದಲನ್ನು ಕತ್ತರಿಸದೆ ಎಳೆಯುತ್ತದೆ. ನಾವು ಬಲ ಹಾಕುತ್ತೇವೆ. ಬಲ ಹಾಕಿದಾಗ ಚರ್ಮ ಕೊಯ್ಯುತ್ತದೆ. ಕ್ಷೌರಕ್ಕೆ ತಕ್ಕ ಬಾಯಿಯ ತುದಿಯ ದಪ್ಪ ಒಂದು ಮೈಕ್ರಾನಿಗಿಂತಲೂ ಕಡಿಮೆ. ಗಡ್ಡದ ಕೂದಲಿನ ದಪ್ಪ ಸುಮಾರು ನೂರು ಮೈಕ್ರಾನ್. ಕೂದಲು ಉಕ್ಕಿಗಿಂತ ಎಷ್ಟೋ ಪಟ್ಟು ಮೃದು. ಆದರೂ ಬಾಯಿ ಮೊಂಡಾಗುವುದೇಕೆ? ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಬ್ಲೇಡುಗಳನ್ನು ಪರೀಕ್ಷಿಸಿ 2020ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕೂದಲು ಬಾಗಿ ಓರೆಯಾಗಿ ಒತ್ತಿದಾಗ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಎಡೆಯಲ್ಲಿ ಬಾಯಿ ಚೂರುಚೂರಾಗಿ ಒಡೆಯುತ್ತದೆ ಎಂಬುದು ಅವರು ಕಂಡ ಸಂಗತಿ. ಕೂದಲನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ಮೆದುಗೊಳಿಸಿದರೆ ಚರ್ಮಕ್ಕೂ ಕತ್ತಿಗೂ ಹಿತ.

ಮಸೆಯಲು ಸಾಮಾನ್ಯ ಚಾಕುಗಳಿಗೆ ಬಳಸುವ ಒರಟು ಸಾಣೆಕಲ್ಲು ಸಾಲದು. ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರಿಗೆ ಕ್ಷೌರದ ಕತ್ತಿಯನ್ನು ಕೊಡಲೇಬಾರದು. ಅದರ ಬಿಸಿ ಮತ್ತು ಒರಟುತನಕ್ಕೆ ತೆಳುವಾದ ಬಾಯಿ ತಾಳದು. ಬೇಕಾದುವು ಚಪ್ಪಟೆಯಾದ, ಕ್ರಮವಾಗಿ ನುಣುಪಾಗುತ್ತ ಹೋಗುವ ಕಲ್ಲುಗಳು: 1000, 4000, 8000 ಮತ್ತು ಸಾಧ್ಯವಾದರೆ 12000 ಅಂಕದವು. ಅಂಕ ಹೆಚ್ಚಿದಷ್ಟೂ ಕಣ ಸಣ್ಣ. ಬೆಲ್ಜಿಯಂ, ಜರ್ಮನಿಯ ತುರಿಂಗಿಯಾ, ಜಪಾನಿನ ಕ್ಯೋಟೋ ಪ್ರದೇಶಗಳಲ್ಲಿ ಸಿಗುವ ನೈಸರ್ಗಿಕ ಕಲ್ಲುಗಳು ಇದಕ್ಕೆ ಹೆಸರುವಾಸಿ. ಆದರೆ ಕಲಿಯುವವರಿಗೆ ಕೃತಕ ಕಲ್ಲುಗಳೇ ಸುಲಭ.

ಮೊದಲು ಕಲ್ಲು ಸಮತಟ್ಟಾಗಿದೆಯೇ ನೋಡಬೇಕು. ಪೆನ್ಸಿಲಿನಿಂದ ಕಲ್ಲಿನ ಮೇಲೆ ಗೆರೆಗಳನ್ನೆಳೆದು, ಗಾಜಿನ ಹಲಗೆಯ ಮೇಲೆ ಹಾಸಿದ ಹಸಿ ಮರಳು ಕಾಗದದ ಮೇಲೆ ಉಜ್ಜಿದಾಗ ಎಲ್ಲ ಗೆರೆಗಳೂ ಸಮನಾಗಿ ಅಳಿದರೆ ಕಲ್ಲು ಸಮವಾಗಿದೆ. ನಂತರ ಕಲ್ಲನ್ನು ನೀರಿನಿಂದ ತೋಯಿಸಿ, ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ, ಬಾಯಿ ಮುಂದಾಗಿ ತಳ್ಳಬೇಕು. ಕಲ್ಲಿನ ಕೊನೆಯಲ್ಲಿ ಬೆನ್ನಿನ ಮೇಲೆ ಮಗುಚಿ, ಮತ್ತೆ ಬಾಯಿ ಮುಂದಾಗಿ ತನ್ನೆಡೆಗೆ ಎಳೆದುಕೊಳ್ಳಬೇಕು. ಬಾಯಿಯ ಮೇಲೆ ಎಂದೂ ಮಗುಚಬಾರದು. ಕತ್ತಿ ಕಲ್ಲಿಗಿಂತ ಉದ್ದವಾಗಿ ಚಾಚಿದ್ದರೆ ಹಿಮ್ಮಡಿಯಿಂದ ಮೂತಿಯವರೆಗೆ ಇಡೀ ಬಾಯಿ ಕಲ್ಲನ್ನು ಮುಟ್ಟುವಂತೆ ಓರೆಯಾಗಿ ಜಾರಿಸಬೇಕು.

ಬಾಯಿಯ ಅಂಚಿಗೆ ಕಪ್ಪು ಮಾರ್ಕರಿನ ಶಾಯಿ ಹಚ್ಚಿ ನಾಲ್ಕಾರು ಸಲ ಮಸೆದು ನೋಡುವುದು ಒಳ್ಳೆಯ ಪರೀಕ್ಷೆ. ಶಾಯಿ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ಮುಟ್ಟಿಲ್ಲ. 1000ದ ಕಲ್ಲಿನ ಕೆಲಸವೇ ಅಡಿಪಾಯ. ಎರಡೂ ಬದಿಯ ಮಸೆದ ಮುಖಗಳು ಬಾಯಿಯ ಉದ್ದಕ್ಕೂ ಒಂದೇ ರೇಖೆಯಲ್ಲಿ ಕೂಡುವವರೆಗೆ ಮುಂದಿನ ಕಲ್ಲಿಗೆ ಹೋಗಬಾರದು. ಬಾಯಿಯನ್ನು ದೀಪದ ಕಡೆಗೆ ಹಿಡಿದು ಮೇಲಿನಿಂದ ನೋಡಿದಾಗ ಎಲ್ಲಿಯಾದರೂ ಬಿಳಿ ಮಿನುಗು ಕಂಡರೆ ಅಲ್ಲಿ ಇನ್ನೂ ಮೊಂಡಿದೆ. ಹರಿತವಾದ ಅಂಚು ಬೆಳಕನ್ನು ಪ್ರತಿಫಲಿಸದು. ಈ ಅಡಿಪಾಯ ಸರಿಯಾದ ಮೇಲೆ 4000ದ ಕಲ್ಲು ಹಿಂದಿನ ಗೀರುಗಳನ್ನು ಅಳಿಸುತ್ತದೆ. 8000, 12000ದ ಕಲ್ಲುಗಳು ನುಣುಪು ಕೊಡುತ್ತವೆ. ಕಲ್ಲು ನುಣುಪಾದಂತೆ ಕೈಯ ಭಾರವೂ ಕಡಿಮೆಯಾಗುತ್ತ ಬಂದು, ಕೊನೆಯಲ್ಲಿ ಕತ್ತಿಯ ತೂಕ ಮಾತ್ರ ಕಲ್ಲಿನ ಮೇಲಿರಬೇಕು. ಒಂದು ಕಲ್ಲಿನಿಂದ ಮತ್ತೊಂದಕ್ಕೆ ಹೋಗುವಾಗ ಕತ್ತಿಯನ್ನೂ ಕೈಯನ್ನೂ ತೊಳೆಯಬೇಕು. ಒರಟು ಕಣವೊಂದು ನುಣುಪು ಕಲ್ಲಿಗೆ ಬಂದರೆ ಮಾಡಿದ ಕೆಲಸ ಕೆಡುತ್ತದೆ.

ಹರಿತವನ್ನು ಬೆರಳಿನಿಂದ ಪರೀಕ್ಷಿಸುವ ಅಭ್ಯಾಸ ಬೇಡ. ಮುಂಗೈಯ ಕೂದಲು ಚರ್ಮವನ್ನು ಮುಟ್ಟದೆಯೇ ಕತ್ತರಿಸಿದರೆ ಸಾಕು.

ಚರ್ಮದ ಪಟ್ಟಿ

ಮಸೆದ ಮೇಲೆ, ಹಾಗೂ ಪ್ರತಿ ಕ್ಷೌರಕ್ಕೂ ಮುನ್ನ, ಕತ್ತಿಯನ್ನು ಬಟ್ಟೆ ಮತ್ತು ಚರ್ಮದ ಪಟ್ಟಿಯ ಮೇಲೆ ಎಳೆಯಬೇಕು. ಹಿಂದೆ ನಮ್ಮ ಕ್ಷೌರಿಕರು ಅಂಗೈಯ ಮೇಲೆ ಅಥವಾ ಚರ್ಮದ ತುಂಡಿನ ಮೇಲೆ ಕತ್ತಿಯನ್ನು ಮೆಲ್ಲಗೆ ಹೊರಳಿಸುತ್ತಿದ್ದುದನ್ನು ಹಿರಿಯ ಓದುಗರು ಕಂಡಿರಬಹುದು. ಕಲ್ಲಿನ ಮೇಲೆ ಬಾಯಿ ಮುಂದಾದರೆ ಪಟ್ಟಿಯ ಮೇಲೆ ಬೆನ್ನು ಮುಂದು. ದಿಕ್ಕು ತಪ್ಪಿದರೆ ಪಟ್ಟಿ ಕೊಯ್ಯುತ್ತದೆ, ಬಾಯಿ ಮಡಚಿಕೊಳ್ಳುತ್ತದೆ. ಪಟ್ಟಿಯನ್ನು ಬಿಗಿಯಾಗಿ ಹಿಡಿದು, ಕತ್ತಿಯನ್ನು ಚಪ್ಪಟೆಯಾಗಿ ಮಲಗಿಸಿ, ಬಟ್ಟೆಯ ಮೇಲೆ 20 ಸಲ, ಚರ್ಮದ ಮೇಲೆ 40ರಿಂದ 60 ಸಲ ಎಳೆದರೆ ಸಾಕು. ಆರಂಭದಲ್ಲಿ ವೇಗ ಬೇಡ. ಸರಿಯಾಗಿ ಪಟ್ಟಿಗೆ ಎಳೆಯುವವರಿಗೆ ಕಲ್ಲಿನ ಅಗತ್ಯ ಹಲವು ತಿಂಗಳಿಗೊಮ್ಮೆ ಮಾತ್ರ ಬೀಳುತ್ತದೆ.

ಕ್ಷೌರದ ರೀತಿ

ಸ್ನಾನದ ನಂತರ, ಅಥವಾ ಬಿಸಿನೀರಿನ ಬಟ್ಟೆಯನ್ನು ಎರಡು ಮೂರು ನಿಮಿಷ ಮುಖದ ಮೇಲಿಟ್ಟ ನಂತರ, ಗಟ್ಟಿಯಾದ ನೊರೆ ಹಚ್ಚಬೇಕು. ಎಡಗೈಯಿಂದ ಚರ್ಮವನ್ನು ಬಿಗಿಹಿಡಿದು, ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿಟ್ಟು, ಕೂದಲು ಬೆಳೆದ ದಿಕ್ಕಿನಲ್ಲಿಯೇ ಚಿಕ್ಕ ಚಿಕ್ಕದಾಗಿ ಎಳೆಯಬೇಕು. ಕತ್ತಿಯನ್ನು ಅದರ ಉದ್ದಕ್ಕೆ ಪಕ್ಕಕ್ಕೆ ಜಾರಿಸಿದರೆ ಕ್ಷಣಾರ್ಧದಲ್ಲಿ ಚರ್ಮ ಸೀಳುತ್ತದೆ. ಮೊದಲ ಕೆಲವು ವಾರ ಕೆನ್ನೆಗಳಿಗೆ ಮಾತ್ರ ಕತ್ತಿ ಬಳಸಿ, ಗದ್ದ, ಕುತ್ತಿಗೆ, ಮೇಲ್ದುಟಿಗಳಿಗೆ ಹಿಂದಿನ ರೇಜರನ್ನೇ ಬಳಸುವುದು ವಿವೇಕ. ಕತ್ತಿ ಕೈಜಾರಿ ಬಿದ್ದರೆ ಹಿಡಿಯಲು ಹೋಗಬಾರದು. ಮಕ್ಕಳ ಕೈಗೆಟುಕದಂತೆ ಇಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕ್ಷೌರವಾದ ಮೇಲೆ ಕತ್ತಿಯನ್ನು ತೊಳೆದು, ಒರೆಸಿ, ಕೀಲಿನ ಬಳಿಯೂ ತೇವ ಉಳಿಯದಂತೆ ನೋಡಿ, ಒಂದು ತೊಟ್ಟು ಹಗುರವಾದ ಯಂತ್ರದೆಣ್ಣೆ ಸವರಿ, ಬಚ್ಚಲಮನೆಯಿಂದ ಹೊರಗೆ ಇಡಬೇಕು. ಮುಂದಿನ ಸಲ ಬಳಸುವಾಗ ಎಣ್ಣೆಯನ್ನು ಸಾಬೂನಿನಿಂದ ತೊಳೆಯಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಈ ಹಳೆಯ ಉಕ್ಕು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಹುದು.

ಯಾರಿಗೆ ಈ ಕತ್ತಿ ಬೇಡ

ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ರಕ್ತ ಹೆಪ್ಪುಗಟ್ಟದ ಕಾಯಿಲೆಯುಳ್ಳವರು, ಕೈನಡುಕವಿರುವವರು, ದೃಷ್ಟಿ ಮಂದವಾದವರು ಇದರ ಸಾಹಸಕ್ಕೆ ಇಳಿಯಬಾರದು. ಮಧುಮೇಹ ಹತೋಟಿಯಲ್ಲಿಲ್ಲದವರಿಗೆ ಗಾಯ ಬೇಗ ಮಾಯದು, ಸೋಂಕು ಬೇಗ ತಗಲುತ್ತದೆ. ಗಾಯವಾದಲ್ಲೆಲ್ಲ ದಪ್ಪ ಕಲೆ ಎದ್ದು ಬೆಳೆಯುವ ಪ್ರಕೃತಿಯವರು, ಮುಖದ ತುಂಬ ಮೊಡವೆಯಿರುವವರು ವೈದ್ಯರನ್ನು ಕೇಳಬೇಕು. ಗುಂಗುರು ಗಡ್ಡದವರಲ್ಲಿ ತೀರ ಬುಡಕ್ಕೆ ಕತ್ತರಿಸಿದ ಕೂದಲು ಬಾಗಿ ಮತ್ತೆ ಚರ್ಮದೊಳಗೆ ಚುಚ್ಚಿಕೊಂಡು ಗುಳ್ಳೆಗಳೇಳುತ್ತವೆ. ಇಂತಹವರಿಗೆ ಬುಡಮಟ್ಟದ ನುಣುಪು ಕ್ಷೌರವೇ ಶತ್ರು. ಕತ್ತರಿ ಅಥವಾ ಯಂತ್ರದಿಂದ ಸ್ವಲ್ಪ ಕೂದಲು ಉಳಿಸುವುದು ಮೇಲು. ಕೂದಲ ಬುಡದಲ್ಲಿ ಕೀವಿನ ಗುಳ್ಳೆಗಳು ಹರಡುತ್ತಿದ್ದರೆ ಅದು ಬ್ಯಾಕ್ಟೀರಿಯದಿಂದಲೂ ಆಗಿರಬಹುದು, ಶಿಲೀಂಧ್ರದಿಂದಲೂ ಆಗಿರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಸ್ವಂತ ಮುಲಾಮಿನ ಪ್ರಯೋಗ ಬೇಡ.

ಒಂದು ಕತ್ತಿ, ಒಬ್ಬ ವ್ಯಕ್ತಿ

ಈ ಲೇಖನದ ಎಲ್ಲ ಮಾತುಗಳಲ್ಲಿ ಒಂದನ್ನೇ ನೆನಪಿಡಬೇಕಾದರೆ ಅದು ಇದು: ಮಡಚುವ ಕತ್ತಿಯನ್ನು ಒಬ್ಬರು ಮಾತ್ರ ಬಳಸಬೇಕು. ತಂದೆ-ಮಗ, ಅಣ್ಣ-ತಮ್ಮಂದಿರ ನಡುವೆಯೂ ಹಂಚಿಕೆ ಬೇಡ. ಕ್ಷೌರದಂಗಡಿಗಳಲ್ಲಿ ಈಗ ಬ್ಲೇಡನ್ನು ಎರಡಾಗಿ ಮುರಿದು ಹಿಡಿಗೆ ಸಿಕ್ಕಿಸುವ ಪದ್ಧತಿ ಬಂದಿರುವುದು ಸ್ವಾಗತಾರ್ಹ. ಆ ಬ್ಲೇಡು ನಮ್ಮ ಕಣ್ಣೆದುರೇ ಹೊಸದಾಗಿ ಬರಬೇಕು. ಹಿಡಿಯನ್ನೂ ಔಷಧದಿಂದ ಒರೆಸಿರಬೇಕು. ಕ್ಷೌರದ ನಂತರ ಎಲ್ಲರ ಮುಖಕ್ಕೂ ಉಜ್ಜುವ ಒಂದೇ ಪಟಿಕದ ಗಟ್ಟಿ ಒಬ್ಬರ ರಕ್ತವನ್ನು ಇನ್ನೊಬ್ಬರ ಗಾಯಕ್ಕೆ ಮುಟ್ಟಿಸಬಲ್ಲದು, ಅದನ್ನು ಬೇಡವೆನ್ನಬೇಕು. ಜಾತ್ರೆ-ಕ್ಷೇತ್ರಗಳಲ್ಲಿ ಮುಡಿ ತೆಗೆಸುವಾಗಲೂ, ಅದರಲ್ಲಿಯೂ ಎಳೆಯ ಮಕ್ಕಳಿಗೆ ತೆಗೆಸುವಾಗ, ಹೊಸ ಬ್ಲೇಡನ್ನು ಕೇಳಲು ಸಂಕೋಚಪಡಬಾರದು. ಹೀಗೆ ಕೇಳುವುದು ಕ್ಷೌರಿಕನಿಗೆ ಮಾಡುವ ಅವಮಾನವಲ್ಲ. ದಿನವಿಡೀ ಹತ್ತಾರು ಜನರ ರಕ್ತದ ಸಮೀಪ ದುಡಿಯುವ ಅವನಿಗೂ ಅದೇ ಅಪಾಯವಿದೆ. ಹೆಪಟೈಟಿಸ್-ಬಿ ಲಸಿಕೆ ಮೊದಲು ಸಲ್ಲಬೇಕಾದುದು ಅಂತಹವರಿಗೆ. ನಮ್ಮ ಊರಿನ ಕ್ಷೌರಿಕರಿಗೆ ಈ ಲಸಿಕೆಯಾಗಿದೆಯೇ ಎಂದು ಓದುಗರು ಒಮ್ಮೆ ವಿಚಾರಿಸಿ, ಆಗಿರದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರಲ್ಲಿ ಆ ಬಗೆಗೆ ಕೇಳಿ ತಿಳಿಸಬೇಕೆಂದು ನಾವು ವಿನಂತಿಸುತ್ತೇವೆ.